ಕೈ ಹಿಡಿದರೆ ಹಾಡುವ ಓಮ್ನಿ

ನನ್ನನ್ನು ನೋಡಲು ಬಂದ ಗಂಡುಗಳಲ್ಲಿ ಗಾಡಿಯ ಮೈತುಂಬ ಅಂಗೈ ಗುರುತು ಹಾಕಿಸಿಕೊಂಡು ಬಂದವನು ಒಬ್ಬನೇ. ಉಳಿದವರೆಲ್ಲ ಬಸ್ಸಿನಲ್ಲಿ ಬಂದು, ಉಪ್ಪಿಟ್ಟು ಕೇಸರಿಬಾತು ತಿಂದು, "ಊರಿಗೆ ಹೋಗಿ ತಿಳಿಸ್ತೀವಿ" ಎಂದು ಹೇಳಿ ಹೋದ ಸಂಭಾವಿತರು. ತಿಳಿಸಿದವರು ಕಡಿಮೆ. ತಿಳಿಸಿದವರಿಗೆ ನಾನೇ ಬೇಡ ಅಂದಿದ್ದೆ. ಭದ್ರಾವತಿಯ ಒಂದು ಹೈಸ್ಕೂಲಿನಲ್ಲಿ ನಾನು ವಿಜ್ಞಾನದ ಟೀಚರ್. ಈ ಹುಡುಗಿಗೆ ಬಾಯಿ ಜೋರು, ಯಾವುದನ್ನೂ ನಂಬುವುದಿಲ್ಲ ಎಂಬ ಹೆಸರು ನಮ್ಮ ಕ್ವಾರ್ಟರ್ಸಿನ ಗಡಿ ದಾಟಿ ಓಲ್ಡ್ ಟೌನಿನವರೆಗೂ ಹೋಗಿತ್ತು. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಎರಡು ಸಾವಿರದ ಇಸವಿ ಆಗಷ್ಟೇ ಕಳೆದಿತ್ತು. ಶಿವಮೊಗ್ಗದಲ್ಲಿ ಕಾರು ಇಟ್ಟುಕೊಂಡವರಿಗೆ ಅದನ್ನು ಸಿಂಗರಿಸುವ ಹುಚ್ಚು ಹತ್ತಿದ ಕಾಲ. ಗಾಡಿಯ ಹೊಟ್ಟೆಯ ಕೆಳಗೆ ನೀಲಿ ಟ್ಯೂಬ್‌ಲೈಟು, ಗಾಜಿಗೆ ಕಪ್ಪು ಫಿಲ್ಮು, ಸೀಟಿಗೆ ಹುಲಿಪಟ್ಟೆ ಕವರು, ಹಿಂದಕ್ಕೆ ಬರುವಾಗ ಸಿನಿಮಾ ಹಾಡಿನ ಟ್ಯೂನು. ಮದುಮಗಳಿಗೆ ಹಾಕುವುದಕ್ಕಿಂತ ಒಂದು ಕೈ ಹೆಚ್ಚಾಗಿಯೇ ಹಾಕುತ್ತಿದ್ದರು. ಆ ಅಂಗೈ ಗಾಡಿಯ ಹುಡುಗ ಇಂಥ ಅಲಂಕಾರದ ಅಂಗಡಿ ಇಟ್ಟುಕೊಂಡವನು. ದಾವಣಗೆರೆಯಲ್ಲಿ ಚಿತ್ರಕಲೆ ಕಲಿತು ಬಂದು, ಚಿತ್ರ ಕೊಳ್ಳುವವರು ಯಾರೂ ಕಾಣದೆ, ಕಾರಿನ ಬೆನ್ನ ಮೇಲೆ ಹದ್ದು, ಸಿಂಹ, ಬೆಂಕಿ ಬರೆಯಲು ಕೂತಿದ್ದ.

ಸಂಬಂಧ ತಂದವರು ಹುಡುಗನ ಸೋದರಮಾವ. ಮೊದಲ ಸಲ ಬಂದಾಗ "ಹುಡುಗ ಆರ್ಟಿಸ್ಟು" ಅಂದರು.

"ಆರ್ಟಿಸ್ಟು ಸರಿ. ಊಟಕ್ಕೆ ಏನ್ ಮಾಡ್ತಾನೆ?" ಎಂದು ಅಪ್ಪ ಕೇಳಿದರು.

"ಅಂಗಡಿನೂ ಇದೆ ಬಿಡಿ."

ಅಂಗಡಿ ಅಂದಮೇಲೆ ಅಪ್ಪ ಒಪ್ಪಿದರು. ಅಪ್ಪ ಕಾರ್ಖಾನೆಯ ಫೌಂಡ್ರಿಯಲ್ಲಿ ಮೋಲ್ಡಿಂಗ್ ಕೆಲಸದವರು. ಮಣ್ಣಿನ ಅಚ್ಚು ಮಾಡುವುದು, ಕುದಿಯುವ ಕಬ್ಬಿಣ ಹೊಯ್ಯುವುದು, ಆರಿದ ಮೇಲೆ ಒಡೆದು ತೆಗೆಯುವುದು. ಮಾತು ಕಡಿಮೆ, ಸಿಟ್ಟು ಇನ್ನೂ ಕಡಿಮೆ. ಆದರೆ ಸುಳ್ಳು ಹೇಳಿದವರನ್ನು ಮಾತ್ರ ಅವರು ಯಾವ ಕಾಲಕ್ಕೂ ಕ್ಷಮಿಸಿದ್ದಿಲ್ಲ. ಓಲ್ಡ್ ಟೌನಿನ ತರಕಾರಿಯವನೊಬ್ಬ ನಿನ್ನೆಯ ಹುರುಳಿಕಾಯಿಯನ್ನು ಇವತ್ತಿನದು ಅಂದನೆಂದು ಆ ಸಾಲಿಗೇ ಹೋಗುವುದನ್ನು ಬಿಟ್ಟವರು. ನನ್ನ ಮದುವೆಯ ಬಗ್ಗೆ ಅವರಿಗಿದ್ದ ಷರತ್ತೂ ಅದೊಂದೇ. "ಹುಡುಗ ಕಪ್ಪಗಿರ್ಲಿ, ಕುಳ್ಳಗಿರ್ಲಿ, ಸುಳ್ಳ ಆಗಿರ್ಬಾರ್ದು" ಎನ್ನುತ್ತಿದ್ದರು.

ಆ ಭಾನುವಾರ ಗಾಡಿ ನಮ್ಮ ಬೀದಿಗೆ ತಿರುಗಿದಾಗ ಕ್ರಿಕೆಟ್ ಆಡುತ್ತಿದ್ದ ಹುಡುಗರೆಲ್ಲ ಆಟ ಬಿಟ್ಟು ಅದರ ಹಿಂದೆ ಓಡಿ ಬಂದರು. ಬಿಳಿಯ ಓಮ್ನಿ. ಅದರ ಎರಡೂ ಪಕ್ಕ, ಹಿಂಬಾಗಿಲು, ಬಾನೆಟ್ಟು ಎಲ್ಲ ಕಡೆ ಕೆಂಪು, ಹಳದಿ, ನೀಲಿ ಬಣ್ಣದ ಅಂಗೈಗಳು. ಹೊಳಲೂರಿನಿಂದ ಇದಕ್ಕೆಂದೇ ಬಂದಿದ್ದ ಅಜ್ಜಿ, ಅಂದರೆ ಅಪ್ಪನ ಅಮ್ಮ, ಬಾಗಿಲಲ್ಲಿ ನಿಂತು ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದಳು.

"ಇದೇನ್ ಮಾರಾಯ, ದೀಪಾವಳಿಲಿ ದನಕ್ಕೆ ಛಾಪು ಹಾಕ್ದಂಗೆ ಹಾಕಿದಾರಲ್ಲ!"

ಗಾಡಿಯಿಂದ ಇಳಿಯುತ್ತಿದ್ದ ಹುಡುಗನ ಮುಖ ಅರಳಿತು. "ಅದೇ ಅಜ್ಜಿ! ಕರೆಕ್ಟಾಗಿ ಹೇಳಿದ್ರಿ. ಅದನ್ನ ನೋಡೇ ನನಗೆ ಹೊಳೆದಿದ್ದು. ನಮ್ಮ ಅಂಗಡಿಗೆ ಬಂದೋರೆಲ್ಲರ ಕೈ ಇದು."

ಹುಡುಗನ ತಾಯಿ ತಲೆ ತಗ್ಗಿಸಿದರು. ಈ ಗಾಡಿ ತರಬೇಡ, ಬಾಡಿಗೆ ಕಾರು ಮಾಡು ಎಂದು ಅವರು ಬೇಡಿಕೊಂಡಿದ್ದರಂತೆ. ಸೋದರಮಾವ ಮಾತ್ರ ಎದೆ ಉಬ್ಬಿಸಿ, "ಇದು ಎಕ್ಸಿಬಿಷನ್‌ಗೆ ಅಂತ ಮಾಡಿರೋ ಗಾಡಿ. ಇದರ ಒಳಗಿನ ಕರಾಮತ್ತು ಇನ್ನೂ ಬೇರೆ ಇದೆ" ಅಂದರು. ಆ ಕರಾಮತ್ತು ಏನೆಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ಆ ದಿನ ಬೇರೆ ರೀತಿ ಮುಗಿಯುತ್ತಿತ್ತು.

ಉಪ್ಪಿಟ್ಟು ಆಯಿತು. ನಾನು ತಟ್ಟೆ ಹಿಡಿದು ಬಂದು ಹೋಗಿದ್ದೂ ಆಯಿತು. ಹುಡುಗ ನನ್ನನ್ನು ನೋಡಿದ್ದಕ್ಕಿಂತ ನಮ್ಮ ಮನೆಯ ಹಳೇ ರೇಡಿಯೋವನ್ನು ನೋಡಿದ್ದೇ ಹೆಚ್ಚು. ಕೊನೆಗೆ ಸೋದರಮಾವ ಗಂಟಲು ಸರಿಮಾಡಿಕೊಂಡು, "ಈಗಿನ ಕಾಲದೋರು, ಹುಡುಗ ಹುಡುಗಿ ಒಂದೈದು ನಿಮಿಷ ಮಾತಾಡ್ಕೊಳ್ಳಲಿ" ಅಂದರು.

ಮಾತಾಡಲು ಯಾರ ಅಡ್ಡಿಯೂ ಇರಲಿಲ್ಲ, ಜಾಗದ ಅಡ್ಡಿ ಇತ್ತು. ಕ್ವಾರ್ಟರ್ಸಿನ ಮನೆ ಅಂದರೆ ಮುಂದೊಂದು ಕೋಣೆ, ಹಿಂದೊಂದು ಕೋಣೆ, ಅಡುಗೆಮನೆ. ಮುಂದೆ ಎಲ್ಲರೂ ಕೂತಿದ್ದರು. ಹಿಂದಿನ ಕೋಣೆಯಲ್ಲಿ ಮಂಚ ಇತ್ತು, ಆದ್ದರಿಂದ ಅದು ಸರಿಹೋಗುವುದಿಲ್ಲ ಎಂದು ಅಜ್ಜಿ ಕಣ್ಣಲ್ಲೇ ತೀರ್ಮಾನಿಸಿದಳು. ಹಿತ್ತಿಲಲ್ಲಿ ಪಕ್ಕದ ಮನೆಯವರು ಹಪ್ಪಳ ಒಣಗಿಸಿಕೊಂಡು ಕೂತಿದ್ದರು, ಅಥವಾ ಹಪ್ಪಳದ ನೆಪದಲ್ಲಿ ಕೂತಿದ್ದರು.

"ಗಾಡಿಲೇ ಕೂತ್ಕೊಳ್ಳಲಿ. ಬಾಗಿಲ ಮುಂದೇನೇ ಇದೆಯಲ್ಲ" ಎಂದಳು ಅಜ್ಜಿ.

"ಗಾಜಿಗೆ ಕಪ್ಪು ಫಿಲ್ಮ್ ಇದೆ" ಎಂದರು ಅಪ್ಪ, ಗಂಭೀರವಾಗಿ.

"ಗಾಜು ಸರಿಸಿ, ಎರಡೂ ಬಾಗಿಲು ತೆಗೆದಿಟ್ಟು ಕೂತ್ಕೊಳ್ತೀವಿ ಸಾರ್" ಎಂದ ಹುಡುಗ, ಇನ್ನೂ ಗಂಭೀರವಾಗಿ.

ಹೀಗೆ ನಾನು ಇಡೀ ಬೀದಿಯ ಎದುರಿಗೆ, ಹುಲಿಪಟ್ಟೆ ಸೀಟಿನ ಮೇಲೆ ರೇಷ್ಮೆ ಸೀರೆಯಲ್ಲಿ ಏಕಾಂತಕ್ಕೆ ಕೂತೆ.

ಆತ ಸ್ಟೀರಿಂಗಿನ ಹಿಂದೆ ಕೂತ. ಸ್ಟೀರಿಂಗಿಗೆ ಸುತ್ತಲೂ ತಾಮ್ರದ ತಂತಿ ಸುತ್ತಿತ್ತು. ನನ್ನ ಎದುರಿಗೆ, ಡ್ಯಾಶ್‌ಬೋರ್ಡಿನಿಂದ ಬಳೆಯಂಥ ಒಂದು ತಾಮ್ರದ ಹಿಡಿ ಹೊರಚಾಚಿತ್ತು. ಹುಡುಗಿಯ ಜೊತೆ ಏನು ಮಾತಾಡಬೇಕೆಂದು ಆತನಿಗೆ ಗೊತ್ತಿರಲಿಲ್ಲ, ಗಾಡಿಯ ವಿಷಯ ಮಾತ್ರ ಚೆನ್ನಾಗಿ ಗೊತ್ತಿತ್ತು.

"ಟೀಚರ್, ನಿಮಗೆ ಸರ್ಕ್ಯೂಟ್ ಅಂದ್ರೆ ಗೊತ್ತಿರುತ್ತೆ ಅಲ್ವಾ?"

"ಒಂಬತ್ತನೇ ಕ್ಲಾಸಿಗೆ ಅದನ್ನೇ ಹೇಳ್ಕೊಡ್ತೀನಿ" ಅಂದೆ. ಸೀರೆ, ಸಂಬಳ, ಅಡುಗೆ ಬಿಟ್ಟು ಸರ್ಕ್ಯೂಟ್ ಬಗ್ಗೆ ಕೇಳಿದ ಮೊದಲ ಗಂಡು ಆತ ಎಂಬುದನ್ನು ಒಪ್ಪಿಕೊಳ್ಳಬೇಕು.

ಆತ ಹುರುಪಿನಿಂದ ವಿವರಿಸತೊಡಗಿದ. ಡ್ರೈವರ್ ಸ್ಟೀರಿಂಗ್ ಹಿಡಿದಿರಬೇಕು. ಪಕ್ಕದವರು ಆ ತಾಮ್ರದ ಹಿಡಿ ಹಿಡಿದಿರಬೇಕು. ಇಬ್ಬರೂ ತಮ್ಮ ಇನ್ನೊಂದು ಕೈಯನ್ನು ಸೇರಿಸಿದರೆ ಒಂದು ಚಿಟಿಕೆ ಕರೆಂಟು ಇಬ್ಬರ ಮೈಯೊಳಗಿಂದ ಹರಿದು, ಗಾಡಿ ಹಾಡುತ್ತದೆ. ಮೈಗೆ ಏನೂ ತಿಳಿಯುವುದಿಲ್ಲ, ಟಾರ್ಚಿನ ಸೆಲ್ಲಿನಷ್ಟೂ ಇಲ್ಲ. ಒಬ್ಬರೇ ಕೂತರೆ ಏನೂ ಆಗುವುದಿಲ್ಲ. ತಾಮ್ರದ ಕೆಲಸವನ್ನು ಮಾಚೇನಹಳ್ಳಿ ಇಂಡಸ್ಟ್ರಿಯಲ್ ಏರಿಯಾದ ಒಂದು ಶೆಡ್ಡಿನಲ್ಲಿ ಮಾಡಿಸಿದ್ದು.

"ಯಾಕೆ ಮಾಡಿದ್ರಿ ಇದನ್ನ?"

"ಜನ ಗಾಡಿನ ಒರೆಸ್ತಾರೆ, ಪೂಜೆ ಮಾಡ್ತಾರೆ, ಮಗು ಥರ ಮುದ್ದು ಮಾಡ್ತಾರೆ. ಗಾಡಿ ಮಾತ್ರ ಯಾವತ್ತೂ ವಾಪಸ್ ಏನೂ ಹೇಳಲ್ಲ. ಒಂದಾದ್ರೂ ಗಾಡಿ ಮನುಷ್ಯರ ಮೈಗೆ ಉತ್ತರ ಕೊಡ್ಲಿ ಅಂತ."

ಮಾತು ಚೆನ್ನಾಗಿತ್ತು. ಚೆನ್ನಾಗಿರುವ ಮಾತು ಕೇಳಿದರೆ ನನಗೆ ಅನುಮಾನ ಬರುತ್ತದೆ. ಹುಡುಗಿಯ ಕೈ ಹಿಡಿಯುವುದಕ್ಕೆ ಎಷ್ಟು ದೊಡ್ಡ ಉಪಾಯ ಎಂದುಕೊಂಡೆ.

"ಎಷ್ಟು ಹುಡುಗೀರಿಗೆ ಹೇಳಿದೀರಿ ಈ ಕಥೆ?"

ಆತನ ಕಿವಿ ಕೆಂಪಾಯಿತು. "ಇಲ್ಲೀವರೆಗೂ ನಮ್ಮ ಮೆಕ್ಯಾನಿಕ್ ಕೈ ಹಿಡ್ಕೊಂಡೇ ಟೆಸ್ಟ್ ಮಾಡಿರೋದು. ಅವನಿಗೆ ದೊಡ್ಡ ಮೀಸೆ ಇದೆ."

ನಗು ಬಂತು, ತಡೆದುಕೊಂಡೆ. ಮನುಷ್ಯನ ಚರ್ಮದಲ್ಲಿ ಅಷ್ಟು ಸುಲಭವಾಗಿ ಕರೆಂಟು ಹರಿಯುವುದಿಲ್ಲ, ಇದೆಲ್ಲ ಆಗದ ಹೋಗದ ಮಾತು ಎಂದು ತರಗತಿಯ ದನಿಯಲ್ಲೇ ಹೇಳಿದೆ. ಅದಕ್ಕೇ ಟ್ರಾನ್ಸಿಸ್ಟರ್ ಹಾಕಿದೀನಿ ಎಂದ. ಆಗಲ್ಲ ಎಂದೆ. ಆಗುತ್ತೆ ಎಂದ. ಹಾಗಿದ್ದರೆ ತೋರಿಸಿ ಎಂದು ಹೇಳುವ ಹಾಗಿರಲಿಲ್ಲ, ಎದುರಿಗೆ ಇಡೀ ಮನೆಯವರು ಕೂತಿದ್ದರು. ಆತನೇ ಗಾಬರಿಯಿಂದ, "ಬೇಡ ಟೀಚರ್, ಹುಷಾರು. ಸ್ವಿಚ್ಚು ಹಿಂದಿನ ಸೀಟಿನ ಕೆಳಗಿದೆ, ಆಫ್ ಮಾಡಕ್ಕೆ ಮರೆತಿದೀನಿ. ಈಗ ಆನ್ ಇದೆ" ಅಂದ.

ಅಲ್ಲಿಗೆ ನನಗೆ ಖಾತ್ರಿಯಾಯಿತು. ಪರೀಕ್ಷೆಯ ದಿನ ಹೊಟ್ಟೆನೋವು ಅನ್ನುವ ಹುಡುಗರನ್ನು ನಾನು ನೋಡಿಲ್ಲವೇ? ಇದು ಅದೇ ಜಾತಿಯ ನೆಪ. ಆತನ ಬಲಗೈ ಅಭ್ಯಾಸಬಲದಿಂದ ಸ್ಟೀರಿಂಗಿನ ಮೇಲೆಯೇ ಇತ್ತು. ನಾನು ಎಡಗೈಯಲ್ಲಿ ತಾಮ್ರದ ಹಿಡಿ ಹಿಡಿದು, ಬಲಗೈಯ ಒಂದು ಬೆರಳಿನಿಂದ ಆತನ ಎಡಗೈಯನ್ನು ಮುಟ್ಟಿದೆ.

ಗಾಡಿ ಕಿರುಚಿತು. ಕಾರು ಹಿಂದಕ್ಕೆ ಬರುವಾಗ ಹಾಕುತ್ತಿದ್ದ ಕೀರಲು ಸಂಗೀತ, ಮೈಕಿನಲ್ಲಿ ಹಾಕಿದಷ್ಟು ಜೋರು. ನಾಲ್ಕೂ ಕಡೆ ದೀಪಗಳು ಮಿಟುಕಿದವು, ವೈಪರುಗಳು ಎದ್ದು ಒಣ ಗಾಜನ್ನು ಕೆರೆಯತೊಡಗಿದವು. ಬುದ್ಧಿ ಇದ್ದವರು ಅಂಥ ಹೊತ್ತಿನಲ್ಲಿ ಕೈ ತೆಗೆಯುತ್ತಾರೆ. ನಾನು ಬೆಚ್ಚಿಬಿದ್ದು ಆತನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಇನ್ನೊಂದು ಕೈಯಲ್ಲಿ ತಾಮ್ರದ ಹಿಡಿಯನ್ನೂ ಬಿಡಲಿಲ್ಲ. ಹಾಡು ನಿಲ್ಲಲಿಲ್ಲ.

ಗಾಡಿ ಹಿಂದಕ್ಕೆ ಬರುತ್ತಿದೆ ಎಂದು ಬೀದಿಯ ತಾಯಂದಿರೆಲ್ಲ ಓಡಿ ಬಂದು ತಮ್ಮ ತಮ್ಮ ಮಕ್ಕಳನ್ನು ಎಳೆದುಕೊಂಡರು. ಪಕ್ಕದ ಮನೆಯ ತಮಿಳಿನಾಕೆ ಹಪ್ಪಳದ ಕೈಯಲ್ಲೇ ಹೊರಬಂದು, "ಎನ್ನಾಚ್ಚು? ಯಾರ್ರೀ ಅದು ರಿವರ್ಸ್ ಬರ್ತಿರೋದು? ನನ್ ತುಳಸಿಕಟ್ಟೆ ಹುಷಾರು!" ಎಂದು ಕೂಗಿದಳು. ಗಾಡಿ ನಿಂತಲ್ಲೇ ನಿಂತಿತ್ತು. ಹುಡುಗನೇ ಸ್ಟೀರಿಂಗ್ ಬಿಟ್ಟು ಕೈ ಮೇಲೆತ್ತಿದ ಮೇಲೆ ಸದ್ದು ನಿಂತಿತು. ಅಷ್ಟರಲ್ಲಿ ಅಪ್ಪ ಬಾಗಿಲ ಬಳಿ ಬಂದಾಗಿತ್ತು.

"ಏನಾಯ್ತು?"

ನಾನು ಮುಟ್ಟಿದೆ ಎಂದರೆ ಬೀದಿಯಲ್ಲಿ ಅಪ್ಪನ ಮರ್ಯಾದೆ ಏನಾಗಬೇಕು? ಹುಡುಗ ನನ್ನ ಮುಖವನ್ನೊಮ್ಮೆ ನೋಡಿ ಕೆಳಗಿಳಿದ.

"ಏನಿಲ್ಲ ಸಾರ್. ನಾನೇ. ಕೈ ತಾಗಿ ಹಾರ್ನ್ ಒತ್ತಿಬಿಟ್ಟೆ."

ಅಲ್ಲಿಯವರೆಗೆ ನನಗೆ ಆತ ಒಬ್ಬ ತಮಾಷೆಯ ಮನುಷ್ಯ, ಅಷ್ಟೇ. ಆ ಮಾತು ಕೇಳಿದ ಕೂಡಲೇ ಆತ ನನಗೆ ಬೇಕು ಅನ್ನಿಸಿತು. ಸಂಕೋಚವಿಲ್ಲದೆ ಹೇಳುತ್ತೇನೆ, ತುಂಬ ಬೇಕು ಅನ್ನಿಸಿತು. ನನ್ನ ತಪ್ಪನ್ನು ಕೇಳದೆಯೇ ತನ್ನ ತಲೆಯ ಮೇಲೆ ಹಾಕಿಕೊಂಡ ಗಂಡಸನ್ನು ನಾನು ಅದುವರೆಗೆ ನೋಡಿರಲಿಲ್ಲ. ಆದರೆ ನನ್ನ ಗ್ರಹಚಾರ ನೋಡಿ, ಆತ ಹಾಗೆ ಮಾಡಿದ್ದು ಅಪ್ಪನ ಎದುರಿಗೆ ಒಂದು ಸುಳ್ಳು ಹೇಳಿ.

ಅಪ್ಪ ಬಗ್ಗಿ ಸ್ಟೀರಿಂಗಿನ ನಡುವೆ ಹಾರ್ನ್ ಒತ್ತಿದರು. ಗಾಡಿ "ಪೀಂ" ಎಂದಿತು.

"ಇದು ಪೀಂ ಅನ್ನುತ್ತೆ. ಆಗ ಬಂದಿದ್ದು ಪೀಂ ಅಲ್ಲ" ಎಂದರು. ಆಮೇಲೆ ಸೋದರಮಾವನ ಕಡೆ ತಿರುಗಿ, "ಕಾಫಿ ಕುಡ್ಕೊಂಡು ಹೊರಡಿ" ಅಂದರು.

ತರಕಾರಿಯವನ ಕಥೆ ಗೊತ್ತಿದ್ದ ನನಗೆ ಅದರ ಅರ್ಥ ತಕ್ಷಣ ತಿಳಿಯಿತು. ಇನ್ನು ಸುಮ್ಮನಿದ್ದರೆ ಆ ಗಾಡಿ ಶಿವಮೊಗ್ಗದ ರಸ್ತೆ ಹಿಡಿಯುತ್ತದೆ, ಮತ್ತೆ ತಿರುಗಿ ಬರುವುದಿಲ್ಲ. ಗಾಡಿಯಿಂದ ಧುಮುಕಿ, "ಅಪ್ಪ, ಅವರು ಮುಟ್ಟಲಿಲ್ಲ, ನಾನು ಮುಟ್ಟಿದೆ. ಕೈ ಮುಟ್ಟಿದ್ರೆ ಗಾಡಿ ಹಾಡುತ್ತೆ. ಅದು ಸುಳ್ಳು ಅಂತ ತೋರ್ಸಕ್ಕೆ ಹೋಗಿ ನಾನೇ ಒಂದು ಬೆರಳಲ್ಲಿ ಮುಟ್ಟಿದೆ" ಎಂದು ಒಂದೇ ಉಸಿರಿಗೆ ಹೇಳಿದೆ.

"ಅಯ್ಯೋ ಶಿವನೇ!" ಎಂದು ಅಜ್ಜಿ ಗೋಡೆ ಹಿಡಿದುಕೊಂಡಳು. ಹುಡುಗನ ತಾಯಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಕ್ರಿಕೆಟ್ ಹುಡುಗರಲ್ಲಿ ಇಬ್ಬರು ನನ್ನ ಒಂಬತ್ತನೇ ಕ್ಲಾಸಿನವರೇ ಆಗಿದ್ದು ಆಗ ಕಣ್ಣಿಗೆ ಬಿತ್ತು.

ಅಪ್ಪನಿಗೆ ನಂಬಿಕೆ ಬರಲಿಲ್ಲ. ಬರುವುದಾದರೂ ಹೇಗೆ? ಮುಟ್ಟಿದರೆ ಹಾಡುವ ಗಾಡಿ ಎಂದರೆ ಹುರುಳಿಕಾಯಿಗಿಂತ ದೊಡ್ಡ ಸುಳ್ಳು. ಮಗಳು ಹುಡುಗನನ್ನು ಉಳಿಸಲು ಕಥೆ ಕಟ್ಟುತ್ತಿದ್ದಾಳೆ ಎಂದೇ ಅವರು ತಿಳಿದರು. "ಹಾಡುತ್ತೆ ಅಂದ್ಯಲ್ಲ, ನನಗೂ ಹಾಡ್ಲಿ ನೋಡಣ" ಎಂದು ಪಂಚೆ ಎತ್ತಿಕಟ್ಟಿ ಡ್ರೈವರ್ ಸೀಟಿಗೆ ಹತ್ತಿದರು. ಹುಡುಗ ನಾನು ಕೂತಿದ್ದ ಸೀಟಿನಲ್ಲಿ ಕೂತು, ತಾಮ್ರದ ಹಿಡಿ ಹಿಡಿದು, ಭಯಭಕ್ತಿಯಿಂದ ಕೈ ಚಾಚಿದ. ಅಪ್ಪ ಒಂದು ಕೈಯಲ್ಲಿ ಸ್ಟೀರಿಂಗ್ ಹಿಡಿದು ಇನ್ನೊಂದು ಕೈಯನ್ನು ಆತನ ಕೈಯ ಮೇಲೆ ಇಟ್ಟರು.

ಗಾಡಿ ಸುಮ್ಮನೆ ನಿಂತಿತ್ತು. ಹುಡುಗ ಕೈಯನ್ನು ಒತ್ತಿದ, ಉಜ್ಜಿದ, ಇನ್ನೊಂದು ಸಲ ಹಿಡಿದ. ಏನೂ ಇಲ್ಲ. ಆತನ ಹಣೆಯ ಮೇಲೆ ಬೆವರು ಸಾಲುಗಟ್ಟಿತು. "ವೈರ್ ಲೂಸ್ ಆಗಿರ್ಬೇಕು ಸಾರ್" ಎಂದು ತೊದಲಿದ.

"ಆಗ ಲೂಸ್ ಆಗಿರ್ಲಿಲ್ವಾ?" ಎಂದರು ಅಪ್ಪ.

ಆಗ ನಾನು ಅಪ್ಪನ ಕೈ ನೋಡಿದೆ. ಇಪ್ಪತ್ತೈದು ವರ್ಷ ನೋಡಿದ್ದ ಕೈಯೇ, ಆದರೂ ನೋಡಿರಲಿಲ್ಲ. ಅಂಗೈ ತುಂಬ ಹಳದಿ ಬಣ್ಣದ ದಪ್ಪ ಗಟ್ಟಿ ಚರ್ಮ. ಬೆರಳ ತುದಿಗಳಲ್ಲಿ ಗೆರೆಗಳೇ ಇರಲಿಲ್ಲ. ಮಣ್ಣು, ಶಾಖ, ಕಬ್ಬಿಣ ಎಲ್ಲ ಸೇರಿ ಕೈಯ ಮೇಲೆ ಇನ್ನೊಂದು ಕೈಯನ್ನೇ ಬೆಳೆಸಿದ್ದವು. ನೀರಿನ ಅಂಶವೇ ಇಲ್ಲದ ಆ ಚರ್ಮದಲ್ಲಿ ಕರೆಂಟು ಹರಿಯುವ ಮಾತೇ ಇಲ್ಲ. ಚರ್ಮ ಒಣಗಿದಷ್ಟೂ ವಿದ್ಯುತ್ತಿಗೆ ಅಡ್ಡಿ ಹೆಚ್ಚು ಎಂದು ವರ್ಷವರ್ಷವೂ ಬೋರ್ಡಿನ ಮೇಲೆ ಬರೆದವಳು ನಾನು. ಆ ಪಾಠ ಕಲಿಯಲು ನನ್ನನ್ನು ಕಾಲೇಜಿಗೆ ಕಳಿಸಿದ ಕೈ ಇದು. ಅಳು ಬಂದುಬಿಟ್ಟಿತು.

"ಅಪ್ಪ, ಗಾಡಿ ಸರಿಯಾಗಿದೆ. ನಿಮ್ ಕೈ ಒಣಗಿದೆ. ಒದ್ದೆ ಮಾಡಿದ್ರೆ ಹಾಡುತ್ತೆ" ಅಂದೆ.

"ಸರಿ, ಒದ್ದೆ ಮಾಡು. ಆದ್ರೆ ಇವರು ಇಳೀಲಿ. ಇವರಿದ್ರೆ ಎಲ್ಲೋ ಸ್ವಿಚ್ಚು ಅಮುಕ್ತಾರೆ."

ಹುಡುಗ ಇಳಿದು, ಎಲ್ಲರಿಗೂ ಕಾಣುವಂತೆ ಎರಡೂ ಕೈ ಎತ್ತಿಕೊಂಡು ತುಳಸಿಕಟ್ಟೆಯ ಪಕ್ಕ ನಿಂತ. ಈಗ ಅಪ್ಪನ ಜೊತೆ ಯಾರು ಕೂರಬೇಕು? ಸೋದರಮಾವ ಮುಂದೆ ಬಂದರು, ಅವರು ಹುಡುಗನ ಕಡೆಯವರು, ಬೇಡ. ಹುಡುಗನ ತಾಯಿಯನ್ನು ಕೇಳುವ ಹಾಗೇ ಇಲ್ಲ. ನನ್ನ ಸಾಕ್ಷಿ ಆಗಲೇ ಕೆಟ್ಟಿತ್ತು. ಅಜ್ಜಿ, "ನನ್ ಕೈಲೇನಿದೆ, ನಾನೂ ಗದ್ದೆ ಮಾಡಿದೋಳೇ" ಎಂದು ತನ್ನ ಅಂಗೈ ತೋರಿಸಿದಳು. ಉಳಿದವಳು ಅಮ್ಮ. ಆಕೆ ಬಾಗಿಲ ಮರೆಯಲ್ಲಿ ನೀರಿನ ಚೊಂಬು ಹಿಡಿದು ನಿಂತಿದ್ದಳು.

"ಇಷ್ಟು ಜನದ ಮುಂದೆ ಇವರ ಕೈ ಹಿಡ್ಕೊಳ್ಳದಾ? ನನ್ ಕೈಲಾಗಲ್ಲಪ್ಪ" ಎಂದಳು ಅಮ್ಮ.

"ನಿನ್ ಗಂಡನ್ ಕೈ ತಾನೇ, ಪಕ್ಕದ್ಮನೆಯೋರ್ದಾ? ಹತ್ತೇ ಮಾರಾಯ್ತಿ" ಎಂದು ಅಜ್ಜಿ ಗದರಿದಳು.

ಅಮ್ಮ ಹತ್ತಿದಳು. ಚೊಂಬಿನ ನೀರನ್ನು ಅಪ್ಪನ ಎರಡೂ ಅಂಗೈಗೆ ಹೊಯ್ದಳು. ಅದು ಕಲ್ಲಿನ ಮೇಲೆ ಬಿದ್ದಂತೆ ಜಾರಿ ಹೋಯಿತು. ಮತ್ತೆ ಹೊಯ್ದು, ತನ್ನ ಹೆಬ್ಬೆರಳಿನಿಂದ ನೀರನ್ನು ಆ ಚರ್ಮದೊಳಕ್ಕೆ ತೀಡಿದಳು. ನಿಧಾನವಾಗಿ, ಮಗುವಿಗೆ ಎಣ್ಣೆ ಹಚ್ಚುವ ಹಾಗೆ. ಅಪ್ಪ ಎದುರಿನ ಗಾಜನ್ನೇ ನೋಡುತ್ತಿದ್ದರು. ಅವರಿಬ್ಬರು ಒಬ್ಬರನ್ನೊಬ್ಬರು ಮುಟ್ಟಿದ್ದನ್ನು ನಾನು ಅದೇ ಮೊದಲು ನೋಡಿದ್ದು.

ಆಮೇಲೆ ಅಪ್ಪ ಸ್ಟೀರಿಂಗ್ ಹಿಡಿದರು. ಅಮ್ಮ ತಾಮ್ರದ ಹಿಡಿ ಹಿಡಿದು, ಕಣ್ಣು ಮುಚ್ಚಿ, ಅಪ್ಪನ ಅಂಗೈಯಲ್ಲಿ ಕೈ ಇಟ್ಟಳು.

ಮೊದಲು "ಕುಂಯ್" ಎಂದು ಬೆಕ್ಕಿನ ಮರಿಯ ದನಿ ಬಂತು. ಒಂದು ದೀಪ ಮಿಟುಕಿ ಆರಿತು. ಅಪ್ಪ ಬೆರಳುಗಳನ್ನು ಮಡಿಸಿ ಅಮ್ಮನ ಕೈಯನ್ನು ಪೂರ್ತಿಯಾಗಿ ಹಿಡಿದರು. ಗಾಡಿ ಗಂಟಲು ಬಿಚ್ಚಿತು. ದೀಪ, ವೈಪರು, ಸಂಗೀತ, ಎಲ್ಲ ಒಟ್ಟಿಗೆ. ಮಕ್ಕಳು ಕೇಕೆ ಹಾಕಿ ಕುಣಿದರು. ತಮಿಳಿನಾಕೆ ಚಪ್ಪಾಳೆ ತಟ್ಟಿದಳು. ಹುಡುಗ ಎತ್ತಿದ ಕೈಯನ್ನು ಇಳಿಸಲು ಮರೆತು ಹಾಗೇ ನಿಂತಿದ್ದ.

ಅಪ್ಪ ಕೈ ಬಿಡಲಿಲ್ಲ. ಆ ಗಲಾಟೆಯ ನಡುವೆಯೇ ಕುತ್ತಿಗೆ ಹೊರಹಾಕಿ ಹುಡುಗನನ್ನು ಕರೆದರು. ಯಾವತ್ತೂ ದನಿ ಎತ್ತದ ಅಪ್ಪ ಅವತ್ತು ಕೂಗಿಯೇ ಹೇಳಬೇಕಾಯಿತು, ಬೀದಿಗೆಲ್ಲ ಕೇಳಿಸಿತು.

"ನೋಡಪ್ಪ, ಆ ಹಾರ್ನಿನ ಸುಳ್ಳು ನನ್ ಮಗಳಿಗೋಸ್ಕರ ಅಂತ ಬಿಟ್ಟೆ. ಅವಳ ಕೈ ಮುಟ್ಟಿದ್ರೆ ಒಂದೇ ಬೆರಳಿಗೆ ಹಾಡ್ತಲ್ಲ? ಅದು ಹಂಗೇ ಇರ್ಬೇಕು. ನನ್ ಕೈ ಥರ ಆಗಕ್ಕೆ ಬಿಡ್ಬೇಡ."

ಹುಡುಗ ಗೋಣು ಆಡಿಸಿದ.

"ರೀ, ಕೈ ಬಿಡ್ರೀ" ಎಂದು ಅಮ್ಮ ಹಾಡಿಗಿಂತ ಜೋರಾಗಿ ಕೂಗಿದಳು. "ಒಳಗೆ ಹಾಲು ಸೀದು ಹೋಗ್ತಿದೆ!"

ಅಪ್ಪ ಬಿಡಲಿಲ್ಲ. ಹಾಲು ಸೀದೇ ಹೋಯಿತು. ಮದುವೆಯ ಮಾತುಕತೆಯನ್ನು ಎರಡೂ ಕಡೆಯವರು ಕಪ್ಪು ಕಾಫಿ ಕುಡಿಯುತ್ತಲೇ ಮುಗಿಸಿದರು.